‘ಈಗ ಬರಬೇಡಿ’ ಎನ್ನುವ ಕೈಪಿಡಿ

ಶಿರಸಿಗೆ ಬರುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿದರೆ ಶನಿವಾರ ಬೆಳಿಗ್ಗೆ ಶಿರಸಿ, ಭಾನುವಾರ ರಾತ್ರಿ ಮತ್ತೆ ಬಸ್ಸು. ನಡುವಿನ ಎರಡು ದಿನದಲ್ಲಿ ಏನೇನು ನೋಡಬಹುದು? ಮೊಬೈಲಿನಲ್ಲಿ ಹುಡುಕಿದರೆ ಉತ್ತರವೂ ಒಂದೇ ಬರುತ್ತದೆ: ಸಹಸ್ರಲಿಂಗ, ಉಂಚಳ್ಳಿ ಜಲಪಾತ, ಯಾಣ, ಬನವಾಸಿ, ಮಾಗೋಡು, ಸಾತೊಡ್ಡಿ, ಹೊತ್ತು ಉಳಿದರೆ ಜೋಗ. ಪಕ್ಕದಲ್ಲಿ ಕಿಲೋಮೀಟರುಗಳ ಲೆಕ್ಕ, ಕೆಳಗೆ ರೆಸಾರ್ಟಿನ ಫೋನ್ ನಂಬರು.

ನಕ್ಷೆಯ ಮೇಲೆ ಈ ಪಟ್ಟಿಯಲ್ಲಿ ತಪ್ಪಿಲ್ಲ. ತಪ್ಪಿರುವುದು ಪಂಚಾಂಗದಲ್ಲಿ. ಸಹಸ್ರಲಿಂಗ ಇರುವುದು ಶಾಲ್ಮಲಾ ಹೊಳೆಯ ಪಾತ್ರದಲ್ಲಿ. ಸೋಂದಾ ಅರಸರ ಕಾಲದಲ್ಲಿ ಕಡೆದ ಲಿಂಗಗಳೂ ನಂದಿಗಳೂ ಹೊಳೆಯ ಬಂಡೆಗಳ ಮೇಲೇ ಇವೆ. ಮಳೆಗಾಲದಲ್ಲಿ ಅವು ನೀರಿನಡಿ. ಹೊಳೆ ಇಳಿದು ಬಂಡೆ ಒಣಗಿದ ಮೇಲೆ, ಶಿವರಾತ್ರಿಯ ಆಸುಪಾಸಿನಿಂದ ಬೇಸಿಗೆ ಮುಗಿಯುವವರೆಗೆ ಅವನ್ನು ಚೆನ್ನಾಗಿ ನೋಡಬಹುದು. ಉಂಚಳ್ಳಿಯದು ಇದಕ್ಕೆ ತೀರಾ ತಿರುಗುಮುರುಗು. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಹತ್ತಿರ ಅಘನಾಶಿನಿ 116 ಮೀಟರ್ ಕೆಳಗೆ ಧುಮುಕುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಬಂಡೆಗೆ ಅಂಟಿಕೊಂಡ ಬಿಳಿ ಗೆರೆಯಷ್ಟೇ ಕಂಡೀತು. ಜುಲೈಯಲ್ಲಿ ಹೋದರೆ ಸದ್ದು ಕಿವಿ ಗಡಚಿಕ್ಕುತ್ತದೆ, ಆದರೆ ಕಣಿವೆ ತುಂಬ ಮಂಜು. ಕಟ್ಟೆಯ ಮೇಲೆ ನಿಂತವರಿಗೆ ಎದುರಿನ ಬಿಳುಪಿನಲ್ಲಿ ನೀರು ಯಾವುದು, ಮೋಡ ಯಾವುದು ಗೊತ್ತಾಗುವುದಿಲ್ಲ. ಊರವರು ಇದನ್ನು ಕೆಪ್ಪ ಜೋಗ ಎಂದು ಕರೆದದ್ದು ಆ ಸದ್ದಿಗೇ. 1845ರಲ್ಲಿ ಕಂಡ ಕಲೆಕ್ಟರನ ನೆನಪಿಗೆ ಲಷಿಂಗ್ಟನ್ ಫಾಲ್ಸ್ ಎಂಬ ಹೆಸರೂ ಅಂಟಿಕೊಂಡಿದೆ. ನೀರೂ ಇರಬೇಕು, ಮಂಜೂ ಸರಿದಿರಬೇಕು ಎಂದರೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಬರಬೇಕು.

ಅಂದರೆ ಸಹಸ್ರಲಿಂಗವೂ ಉಂಚಳ್ಳಿಯೂ ಒಂದೇ ವಾರಾಂತ್ಯದಲ್ಲಿ ತಮ್ಮ ಪೂರ್ಣ ರೂಪದಲ್ಲಿ ಕಾಣುವ ಕಾಲ ವರ್ಷದಲ್ಲಿ ಇಲ್ಲವೆಂದರೂ ಸರಿಯೇ. ಇಷ್ಟು ಸರಳ ಸಂಗತಿಯನ್ನು ನೂರಾರು ಪಟ್ಟಿಗಳಲ್ಲಿ ಒಂದೂ ಏಕೆ ಹೇಳುವುದಿಲ್ಲ? ಹೇಳಿದರೆ ಒಂದು ವಾರಾಂತ್ಯದ ಗಿರಾಕಿ ತಪ್ಪುತ್ತಾನೆ. ಪ್ರವಾಸದ ಮಾಹಿತಿ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದನ್ನು ಬರೆದವರಿಗೆ ನಾನು ಬರುವುದರಿಂದ ಏನು ಸಿಗುತ್ತದೆ?

ಯುರೋಪಿನಲ್ಲಿ ಈ ಪ್ರಶ್ನೆ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಬೇಡೆಕರ್ ಕೈಪಿಡಿಗಳು ಹೆಸರು ಗಳಿಸಿದ್ದಕ್ಕೆ ಒಂದು ದೊಡ್ಡ ಕಾರಣ, ಅವು ಜಾಹೀರಾತು ಹಾಕಿಕೊಳ್ಳುತ್ತಿರಲಿಲ್ಲ. ಹೋಟೆಲಿನವರು ದುಡ್ಡು ಕೊಟ್ಟು ಹೊಗಳಿಕೆ ಕೊಳ್ಳುವಂತಿರಲಿಲ್ಲ. 1973ರಲ್ಲಿ ಟೋನಿ ಮತ್ತು ಮೌರೀನ್ ವೀಲರ್ ದಂಪತಿ ಶುರು ಮಾಡಿದ ಲೋನ್ಲಿ ಪ್ಲಾನೆಟ್ ಕೂಡ ಪುಕ್ಕಟೆ ಊಟ, ವಸತಿ ಪಡೆದು ಹೊಗಳಿ ಬರೆಯಬಾರದೆಂಬ ಕಟ್ಟುಪಾಡನ್ನೇ ತನ್ನ ಬಂಡವಾಳ ಮಾಡಿಕೊಂಡಿತು. 1981ರಲ್ಲಿ ಬಂದ ಅವರ ಭಾರತದ ಕೈಪಿಡಿ ಹಿಡಿದು ಒಂದು ತಲೆಮಾರಿನ ವಿದೇಶಿಯರು ದೇಶ ಸುತ್ತಿದರು. ಆದರೆ ಅಂಥ ಪುಸ್ತಕಗಳ ಕಣ್ಣು ಕಡಲತೀರದ ಗೋಕರ್ಣದ ಮೇಲೆ ಬಿದ್ದಷ್ಟು ಘಟ್ಟದ ಮೇಲಿನ ನಮ್ಮ ತಾಲ್ಲೂಕುಗಳ ಮೇಲೆ ಬೀಳಲಿಲ್ಲ. ಆ ಜಾಗವನ್ನು ಈಗ ರೀಲ್ಸ್ ತುಂಬಿದೆ. ದುಡ್ಡು ಅಥವಾ ಉಚಿತ ವಸತಿ ಪಡೆದು ಮಾಡಿದ ವಿಡಿಯೊಗೆ ಹಾಗೆಂದು ಗುರುತು ಹಾಕಬೇಕೆಂದು ಭಾರತದ ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲೇ ಮಾರ್ಗಸೂಚಿ ತಂದಿದೆ. ಆ ಗುರುತು ಇದೆಯೇ ಎಂದು ನೋಡಿ. ಯಾವ ತಿಂಗಳಲ್ಲಿ ತೆಗೆದದ್ದು ಎಂದು ಹೇಳಿದ್ದಾರೆಯೇ ನೋಡಿ. ಒಂದಾದರೂ ಜಾಗದ ಬಗ್ಗೆ ‘ಇದಕ್ಕಾಗಿ ಬರುವ ಅಗತ್ಯವಿಲ್ಲ’ ಎಂದಿದ್ದಾರೆಯೇ ನೋಡಿ. ಮೂರರಲ್ಲಿ ಒಂದೂ ಇಲ್ಲದಿದ್ದರೆ ಅದು ಕೈಪಿಡಿಯಲ್ಲ, ಕರಪತ್ರ.

ಹಳೆಯ ಕೈಪಿಡಿಗಳು

ಪ್ರವಾಸಿಗಾಗಿ ಬರೆಯದ ಪುಸ್ತಕಗಳೇ ಈ ಸೀಮೆಯ ಪ್ರವಾಸಿಗೆ ಹೆಚ್ಚು ಉಪಕಾರಿ ಎಂಬುದು ನನ್ನ ದೃಢ ನಂಬಿಕೆ. ಪ್ರವಾಸಿಗಾಗಿಯೇ ಬರೆದ ಹಳೆಯ ಗ್ರಂಥವೂ ಒಂದುಂಟು. ಅದನ್ನು ಬರೆದವರ ವೃಂದಾವನ ಶಿರಸಿಯ ಹತ್ತಿರವೇ ಇದೆ. ಸೋದೆಯ, ಅಂದರೆ ಸೋಂದಾದ, ವಾದಿರಾಜರು ಹದಿನಾರನೇ ಶತಮಾನದಲ್ಲಿ ರಚಿಸಿದ ‘ತೀರ್ಥಪ್ರಬಂಧ’ ಭಾರತದ ಕ್ಷೇತ್ರಗಳನ್ನೂ ನದಿಗಳನ್ನೂ ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂದು ದಿಕ್ಕಿನ ಪ್ರಕಾರ ವಿಂಗಡಿಸಿ ವರ್ಣಿಸುವ ಸಂಸ್ಕೃತ ಕೃತಿ. ಯಾತ್ರೆಗೆ ಹೊರಟವನಿಗೆ ದಿಕ್ಕು ಹಿಡಿದು ಸಾಗುವ ಅನುಕೂಲ ಅದರಲ್ಲಿದೆ. ಸೋದೆಗೆ ಬಂದು ಮಠ ನೋಡಿ ಹೋಗುವ ಬಹಳ ಮಂದಿಗೆ, ತಾವು ನಿಂತದ್ದು ಒಬ್ಬ ದೊಡ್ಡ ಸಂಚಾರಿಯ ಸನ್ನಿಧಿಯಲ್ಲಿ ಎಂಬುದು ತಿಳಿದಿರುವುದಿಲ್ಲ.

ಆಮೇಲೆ ಬಂದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಣತಿಯಂತೆ ಮದರಾಸಿನಿಂದ ಹೊರಟ ಈ ವೈದ್ಯ 1801ರಲ್ಲಿ ಅಂಕೋಲೆಯ ಕಡೆಯಿಂದ ಘಟ್ಟ ಹತ್ತಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗಳನ್ನು ದಾಟಿದ. ಅವನ ದಿನಚರಿ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅವನಿಗೆ ಯಾರನ್ನೂ ಇಲ್ಲಿಗೆ ಕರೆಸುವ ಉಮೇದು ಇರಲಿಲ್ಲ. ಕಂಪನಿಗೆ ನೆಲದ ಲೆಕ್ಕ ಬೇಕಿತ್ತು. ಹಾಗಾಗಿ ಅಡಿಕೆ ತೋಟ ಎಲ್ಲಿ ಹಾಕುತ್ತಾರೆ, ಮೆಣಸಿನ ಬಳ್ಳಿ ಹೇಗೆ ಹಬ್ಬಿಸುತ್ತಾರೆ, ತೆರಿಗೆ ಎಷ್ಟು, ದುಡಿಯುವವರ ಸ್ಥಿತಿ ಏನು ಎಂದೆಲ್ಲ ಕೇಳಿ ಬರೆದ. ಒಂದು ಕಾಲದ ರಾಜಧಾನಿ ಸೋಂದಾ ಹಾಳುಬಿದ್ದದ್ದನ್ನು ಬರೆದ. ಅವನದು ಆಳಲು ಬಂದವರ ಕಣ್ಣು, ಅದನ್ನು ಮರೆಯದೆ ಓದಬೇಕು. ಆದರೂ ಶಿರಸಿಯಿಂದ ಸೋಂದಾಕ್ಕೆ ಹೋಗುವಾಗ ರಸ್ತೆಯ ಬದಿಯ ತಗ್ಗಿನಲ್ಲಿ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ ಇರುವ ಆ ವಿನ್ಯಾಸ ಏಕೆ ಹಾಗಿದೆ ಎಂದು ತಿಳಿಯಬೇಕಾದರೆ ಈ ಇನ್ನೂರು ವರ್ಷದ ಹಿಂದಿನ ಪುಟಗಳಷ್ಟು ನೆರವು ಯಾವ ಹೊಸ ಪುಸ್ತಕವೂ ಕೊಡುವುದಿಲ್ಲ.

ಗೆಜೆಟಿಯರ್ ಹುಡುಕುವವರಿಗೆ ಒಂದು ಮಾತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1956ರವರೆಗೆ ಅದು ಅಲ್ಲೇ ಇತ್ತು. ಹಾಗಾಗಿ ರೈಸ್ ಸಾಹೇಬನ ಮೈಸೂರು ಗೆಜೆಟಿಯರ್‌ನಲ್ಲಿ ಶಿರಸಿಗಾಗಿ ತಡಕಾಡಿ ಪ್ರಯೋಜನವಿಲ್ಲ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬಾಂಬೆ ಗೆಜೆಟಿಯರ್‌ನ ಹದಿನೈದನೇ ಸಂಪುಟ, 1883ರದು, ಎರಡು ಭಾಗ. ಎರಡನೆಯ ಭಾಗದಲ್ಲಿ ಊರುಗಳ ವಿವರ ಅಕಾರಾದಿಯಾಗಿ ಇದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕಾಸಿಲ್ಲದೆ ಸಿಗುತ್ತದೆ. ರಾಜ್ಯ ಸರ್ಕಾರ ಸೂರ್ಯನಾಥ ಕಾಮತರ ಸಂಪಾದಕತ್ವದಲ್ಲಿ 1985ರಲ್ಲಿ ತಂದ ಉತ್ತರ ಕನ್ನಡ ಜಿಲ್ಲಾ ಗೆಜೆಟಿಯರ್ ಇನ್ನೂ ಹತ್ತಿರದ್ದು. ಬನವಾಸಿಗೆ ಹೊರಡುವ ಹಿಂದಿನ ರಾತ್ರಿ ಇಂಥ ಪುಟಗಳನ್ನು ಓದಿದವರು ಮಧುಕೇಶ್ವರ ದೇವಸ್ಥಾನದ ಪ್ರಾಕಾರದಲ್ಲಿರುವ ನಾಗಶಿಲ್ಪದ ಎದುರು ನಿಲ್ಲುತ್ತಾರೆ. ಅದರ ಅಂಚಿನ ಪ್ರಾಕೃತ ಬರಹ ಕದಂಬರಿಗಿಂತ ಹಿಂದಿನದು, ಶಾತಕರ್ಣಿಗಳ ಕಾಲದ್ದು. ಓದದವರು ಕಲ್ಲಿನ ಮಂಚದ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಇಬ್ಬರೂ ಹೋಗಿದ್ದು ಒಂದೇ ದೇವಸ್ಥಾನಕ್ಕೆ.

ನಮ್ಮವರೇ ಬರೆದದ್ದೂ ಕಡಿಮೆಯಿಲ್ಲ. ಹೊನ್ನಾವರದ ಕೃಷ್ಣಾನಂದ ಕಾಮತರು ವಿಜ್ಞಾನಿಯ ಕಣ್ಣು, ಕ್ಯಾಮೆರಾ ಎರಡನ್ನೂ ಹೊತ್ತು ತಿರುಗಿದವರು. ಕರಾವಳಿ, ಘಟ್ಟದ ಗೋಡೆಗಳ ಮೇಲಿನ ಕೆಂಪು ಕಾವಿ ಕಲೆಯನ್ನು ಅವರು ಚಿತ್ರ ಸಮೇತ ದಾಖಲಿಸಿದರು. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿದ್ದ ಕಾವಿ ಚಿತ್ರಗಳಲ್ಲಿ ಬಹಳಷ್ಟು ಜೀರ್ಣೋದ್ಧಾರದಲ್ಲಿ ಅಳಿದವು. ಹೋದದ್ದು ಏನೆಂದು ತಿಳಿಯಲು ಈಗ ಅಂಥ ದಾಖಲೆಗಳೇ ಗತಿ. ಕಳವೆಯ ಶಿವಾನಂದ ಕಳವೆಯವರು ಕಾಡು, ಕೆರೆ, ಹಳ್ಳಿಗಳ ಬಗ್ಗೆ ಬರೆದ ಲೇಖನಗಳನ್ನು ಓದಿಕೊಂಡು ಬಂದವರಿಗೆ ಯಾಣದ ದಾರಿಯ ಕಾಡು ಬರೀ ಹಸಿರಾಗಿ ಕಾಣುವುದಿಲ್ಲ.

ನಕ್ಷೆ, ವಸ್ತಿ ಬಸ್ಸು

ದಾರಿಯ ವಿಷಯಕ್ಕೆ ಬರೋಣ. ಮೊಬೈಲ್ ನಕ್ಷೆಗೆ ನಮ್ಮ ಊರುಗಳ ಹೆಸರು ಗೊಂದಲ ತರುತ್ತದೆ. ಯಾಣದ ದಾರಿಯಲ್ಲಿ ದೇವನಳ್ಳಿ ಇದೆ; ಹುಡುಕಿದರೆ ವಿಮಾನ ನಿಲ್ದಾಣದ ದೇವನಹಳ್ಳಿ ಮೊದಲು ಬಂದೀತು. ಶಿವಗಂಗೆ ಎಂದರೆ ನೆಲಮಂಗಲದ ಬೆಟ್ಟ ಬರುತ್ತದೆ, ಶಿರಸಿ ತಾಲ್ಲೂಕಿನ ಶಿವಗಂಗಾ ಜಲಪಾತ ಹಿಂದೆ ಬೀಳುತ್ತದೆ. ಯಲ್ಲಾಪುರದ ಇಡಗುಂದಿಯೂ ಹೊನ್ನಾವರದ ಇಡಗುಂಜಿಯೂ ಬೇರೆ ಬೇರೆ. ಸಿದ್ದಾಪುರ ಕೊಡಗಿನಲ್ಲಿದೆ, ಕುಂದಾಪುರದ ಕಡೆಯೂ ಇದೆ. ತಾಲ್ಲೂಕಿನ ಹೆಸರು ಸೇರಿಸಿ ಹುಡುಕುವುದು ಚಿಕ್ಕ ಎಚ್ಚರ, ಅರ್ಧ ದಿನ ಉಳಿಸುತ್ತದೆ.

ದೊಡ್ಡ ತೊಂದರೆ ಬೇರೆ. ನಕ್ಷೆ ‘ಹತ್ತಿರದ ದಾರಿ’ ಎಂದು ತೋರಿಸುವುದು ಎಷ್ಟೋ ಸಲ ತೋಟಕ್ಕೆ ಇಳಿಯುವ ಮಣ್ಣು ರಸ್ತೆ. ಅದರ ಕೊನೆಗೆ ಒಂದು ದಣಪೆ, ಅದರಾಚೆ ಅಡಿಕೆ ಮರದ ಕಾಲುಸಂಕ. ಕಣಿವೆಗೆ ಇಳಿದ ಮೇಲೆ ಸಿಗ್ನಲ್ ಸಿಗುವುದಿಲ್ಲ, ಕಾರು ತಿರುಗಿಸಲು ಜಾಗವೂ ಸಿಗುವುದಿಲ್ಲ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳು ಈಗ ಆನ್‌ಲೈನ್‌ನಲ್ಲಿ ದೊರೆಯುತ್ತವೆ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಎತ್ತರದ ಗೆರೆಗಳು ಒತ್ತೊತ್ತಾಗಿರುವ ಕಡೆ ದಾರಿ ಕಡಿದು ಇಳಿಯುತ್ತದೆ ಎಂದು ಓದಿಕೊಳ್ಳಲು ಕಲಿತರೆ, ಮಾಗೋಡಿನಲ್ಲಿ ಬೇಡ್ತಿ ಹೊಳೆ ಸುಮಾರು 200 ಮೀಟರ್ ಬೀಳುವ ಜಾಗದಲ್ಲಿ ಕೆಳಗಿಳಿಯುವ ದಾರಿ ಹುಡುಕುವ ಹುಚ್ಚು ಯಾರಿಗೂ ಬರಲಾರದು. ಮಾಗೋಡನ್ನು ನೋಡಬೇಕಾದ್ದು ಎದುರಿನ ಕಟ್ಟೆಯಿಂದ. ಸಂಜೆಗೆ ಜೇನುಕಲ್ಲು ಗುಡ್ಡ ಹತ್ತಿರದಲ್ಲೇ ಇದೆ.

ಕಾರಿಲ್ಲದವರಿಗೂ, ಕಾರಿದ್ದವರಿಗೂ ನಾನು ಹೇಳುವ ಉತ್ತಮ ಮಾಹಿತಿ ಕೇಂದ್ರ ಶಿರಸಿಯ ಬಸ್‌ಸ್ಟ್ಯಾಂಡು. ವಾಯವ್ಯ ಸಾರಿಗೆಯ ಬಸ್ಸುಗಳ ಬೋರ್ಡು ನೋಡುತ್ತ ಅರ್ಧ ಗಂಟೆ ನಿಂತರೆ ಈ ಸೀಮೆಯ ಭೂಗೋಳ ಅರ್ಥವಾಗುತ್ತದೆ: ಹುಲೇಕಲ್, ವಾನಳ್ಳಿ, ಮತ್ತಿಘಟ್ಟ, ಹೆಗ್ಗರಣೆ, ಕಾನಸೂರು, ಮಂಚಿಕೇರಿ. ಸಂಜೆ ಹೊರಡುವ ವಸ್ತಿ ಬಸ್ಸು ಹಳ್ಳಿಯಲ್ಲೇ ರಾತ್ರಿ ಕಳೆದು ಬೆಳಗಿನ ಜಾವ ಪೇಟೆಗೆ ತಿರುಗುತ್ತದೆ. ಅದರಲ್ಲಿ ಹಿಂಡಿಯ ಚೀಲ, ಪೇಟೆಯ ಸಾಮಾನಿನ ಕೈಚೀಲ, ಶಾಲೆ ಬಿಟ್ಟ ಮಕ್ಕಳು, ಆಸ್ಪತ್ರೆಗೆ ಹೋಗಿ ಬಂದ ಅಜ್ಜಿ ಎಲ್ಲ ಇರುತ್ತಾರೆ. ಕಂಡಕ್ಟರಿಗೆ ಯಾವ ತಿರುವಿನಲ್ಲಿ ಯಾರು ಇಳಿಯುತ್ತಾರೆ ಎಂಬುದು ಬಾಯಿಪಾಠ. ಜಲಪಾತಕ್ಕೆ ಹೋಗುತ್ತೇನೆ ಎಂದ ಹುಡುಗನಿಗೆ ಪಕ್ಕದ ಸೀಟಿನ ಹೆಂಗಸು ಹೇಳುತ್ತಾರೆ, ‘ಇವತ್ತು ಹೋಗೂದು ಬ್ಯಾಡ ತಮ್ಮಾ, ಮೇಲೆ ಮಳೆ ಹೊಡ್ದದೆ, ಹಳ್ಳ ತುಂಬಿ ಬಂದದೆ.’ ಅವರು ಹೇಳುವುದು ಅರ್ಧ ಗಂಟೆ ಹಿಂದೆ ತಾವೇ ದಾಟಿ ಬಂದ ಹಳ್ಳದ ಸಂಗತಿ. ಯಾವ ಆ್ಯಪ್‌ಗೂ ಇಷ್ಟು ತಾಜಾ ಸುದ್ದಿ ತಲುಪಿರುವುದಿಲ್ಲ.

ಕರಪತ್ರ ಹೇಳದ ಸಂಗತಿ

ಕಾಡಿನ ಸುದ್ದಿಯಲ್ಲಿ ಅತಿ ಮುಖ್ಯವಾದದ್ದನ್ನು ಕರಪತ್ರಗಳು ಬಾಯಿಬಿಡುವುದೇ ಇಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದದ್ದು. ಸಿದ್ದಾಪುರಕ್ಕೆ ಅದು ನೆರೆಯ ಕಾಡು. 2019ರಲ್ಲೂ 2024ರಲ್ಲೂ ಸಿದ್ದಾಪುರ ತಾಲ್ಲೂಕು ಈ ರೋಗದಿಂದ ಕಷ್ಟಪಟ್ಟಿದೆ, ಜೀವಗಳನ್ನು ಕಳೆದುಕೊಂಡಿದೆ. ರೋಗ ಹರಡುವುದು ಉಣುಗಿನ ಕಡಿತದಿಂದ, ಅದರ ಕಾಲ ನವೆಂಬರ್, ಡಿಸೆಂಬರ್‌ನಿಂದ ಮೇವರೆಗೆ. ಅಂದರೆ ಮಳೆ ನಿಂತು, ಕಾಡಿನಲ್ಲಿ ನಡೆಯಲು ಹಿತವೆಂದು ಚಾರಣದವರು ಬರುವ ಅದೇ ತಿಂಗಳುಗಳು. ಮೈತುಂಬ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ, ಕಾಡಿನಿಂದ ಬಂದ ಮೇಲೆ ಬಿಸಿನೀರಿನ ಸ್ನಾನ, ಒಣ ತರಗೆಲೆಯ ಮೇಲೆ ಕೂರದಿರುವುದು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೋ ಪಂಚಾಯಿತಿಗೋ ತಿಳಿಸುವುದು. ಊರವರಿಗೆ ಇವೆಲ್ಲ ಗೊತ್ತು. ಹೊರಗಿನಿಂದ ಬರುವವರಿಗೆ ಹೇಳುವವರಿಲ್ಲ. ಉಂಬಳದ ಬಗ್ಗೆ ತಮಾಷೆಯಾಗಿ ಪುಟಗಟ್ಟಲೆ ಬರೆಯುವವರು, ನಿಜಕ್ಕೂ ಅಪಾಯದ ಉಣುಗಿನ ಬಗ್ಗೆ ಒಂದು ಸಾಲು ಬರೆಯುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಗುಡ್ಡ ಕುಸಿತವೂ ಹಾಗೆಯೇ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ತೋಟ, ಮನೆಗಳ ಮೇಲೆ ಜಾರಿದವು. ಗಂಗಾವಳಿ ಉಕ್ಕಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಅರಬೈಲ್ ಘಟ್ಟದಲ್ಲಿ ರಸ್ತೆ ಕಡಿಯಿತು. 2024ರ ಜುಲೈ 16ರಂದು ಘಟ್ಟದ ಕೆಳಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಿತ್ತು. ಇಂಥ ದಿನಗಳಲ್ಲಿ ಯಾವ ಘಟ್ಟ ತೆರೆದಿದೆ, ಯಾವುದು ಬಂದಾಗಿದೆ ಎಂಬುದು ಪ್ರವಾಸ ಪುಸ್ತಕದಲ್ಲಿ ಸಿಗುವ ಮಾಹಿತಿಯಲ್ಲ. ಅದು ಜಿಲ್ಲಾಡಳಿತದ ಪ್ರಕಟಣೆಯಲ್ಲಿರುತ್ತದೆ, ಶಿರಸಿಯಿಂದ ಹೊರಡುವ ‘ಲೋಕಧ್ವನಿ’ಯಂಥ ಪತ್ರಿಕೆಯ ಒಳಪುಟದಲ್ಲಿರುತ್ತದೆ. ಪ್ರವಾಸಕ್ಕೆ ಒಂದು ವಾರ ಮೊದಲಿನಿಂದ ಸ್ಥಳೀಯ ಪತ್ರಿಕೆ ಓದುವ ರೂಢಿ ಮಾಡಿಕೊಂಡವರಿಗೆ ಇನ್ನೊಂದು ಲಾಭವೂ ಇದೆ. ಯಾವ ಊರಲ್ಲಿ ಯಾವ ರಾತ್ರಿ ಯಕ್ಷಗಾನ, ಎಲ್ಲಿ ತೇರು, ಎಲ್ಲಿ ಆಲೆಮನೆ ಹಬ್ಬ, ಎಲ್ಲ ಅಲ್ಲೇ ಸಿಗುತ್ತದೆ.

ಹಬ್ಬಗಳಿಗೂ ಒಂದು ಲೆಕ್ಕವಿದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2018, 2020, 2022, 2024, ಹೀಗೆ ಸರಿಸಂಖ್ಯೆಯ ವರ್ಷಗಳಲ್ಲಿ, ಹೋಳಿಯ ಆಸುಪಾಸಿಗೆ, ಒಂಬತ್ತು ದಿನ. ಆ ದಿನಗಳಲ್ಲಿ ಪೇಟೆಯಲ್ಲಿ ಕೋಣೆ ಸಿಗುವ ಆಸೆ ಬಿಡಬೇಕು. ಜನಸಾಗರವನ್ನೇ ನೋಡಬೇಕೆನ್ನುವವರು ಬರಬೇಕು. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ. ನವಿಲುಗರಿ ಕಟ್ಟಿಕೊಂಡ ವೇಷಧಾರಿ ತಮಟೆಯ ಏಟಿಗೆ ನಡುರಾತ್ರಿ ಶಿರಸಿಯ ಬೀದಿಗಳಲ್ಲಿ ಕುಣಿಯುವಾಗ ಹಗ್ಗ ಹಿಡಿದವರು ಹಿಂದಿನಿಂದ ಅವನನ್ನು ತಡೆಯುತ್ತಿರುತ್ತಾರೆ. ಇದನ್ನು ನೋಡಲೆಂದೇ ಜಾತ್ರೆಯ ವರ್ಷ ಬಂದು ನಿರಾಸೆಪಟ್ಟವರಿದ್ದಾರೆ. ಕಬ್ಬಿನ ಹಾಲು ಕುದಿಯುವ ಕಾಲಕ್ಕೆ, ಸಂಕ್ರಾಂತಿಯ ನಂತರ ಬಂದರೆ ಆಲೆಮನೆಯ ಜೋನಿಬೆಲ್ಲ ಸಿಗುತ್ತದೆ. ಮಡಕೆಯ ಬೆನ್ನಿನ ಮೇಲೆ ಬಟ್ಟೆಯಿಂದ ಹಿಟ್ಟು ಎಳೆದು, ಕಾಗದದಷ್ಟು ತೆಳುವಾಗಿ ಬಿಡಿಸುವ ತೊಡದೇವು ಸಿಗುತ್ತದೆ. ಮಳೆಗಾಲದಲ್ಲೇ ಬರುತ್ತೇನೆ ಎಂದು ಹಟ ಹಿಡಿದವರಿಗೆ ಜಲಪಾತ ಬಿಟ್ಟು ಸೋಂದಾದ ಮುಂಡಿಗೆಕೆರೆ ತೋರಿಸಬೇಕು. ಕೆರೆಯ ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿ ಮರಿ ಮಾಡುವ ಕಾಲ ಅದು. ದೂರದಿಂದ, ಸದ್ದು ಮಾಡದೆ ನೋಡಬೇಕು.

ಕೆಲವು ಜಾಗಗಳ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಈ ಸೀಮೆಯ ಕಾಡು ತಾನಾಗಿ ಉಳಿದದ್ದಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಭಾಗದ ಜನ ಮರಗಳನ್ನು ತಬ್ಬಿ ನಿಂತು ಕಡಿತ ತಡೆದರು, ಅದೇ ಅಪ್ಪಿಕೋ ಚಳವಳಿಯಾಯಿತು. ಬೇಡ್ತಿಗೆ ಅಣೆಕಟ್ಟು ಬೇಡವೆಂದು ಹೋರಾಡಿದರು. 2011ರಲ್ಲಿ ಅಘನಾಶಿನಿ ಕಣಿವೆ ಸಿಂಗಳೀಕಗಳಿಗಾಗಿ ಸಂರಕ್ಷಿತ ಪ್ರದೇಶವಾಯಿತು. ಆ ಕಾಡಿನ ಒಳಗೆ ರಾಂಪತ್ರೆ ಜಡ್ಡಿಗಳಿವೆ. ನೀರು ಜಿನುಗುವ ಕಪ್ಪು ಮಣ್ಣಿನಿಂದ ಬೇರುಗಳು ಮೊಣಕಾಲಿನಂತೆ ಮೇಲೆದ್ದು ಉಸಿರಾಡುವ, ಭೂಮಿಯ ಮೇಲೆ ಅಲ್ಲೊಂದು ಇಲ್ಲೊಂದು ಮಾತ್ರ ಉಳಿದ ಜೌಗು ಕಾಡುಗಳು ಅವು. ಅಲ್ಲಿ ಹುಟ್ಟಿದ ತೊರೆಯೇ ಕೆಳಗಿನ ಕೇರಿಗೆ ಕುಡಿಯುವ ನೀರು. ‘ಯಾರಿಗೂ ಗೊತ್ತಿಲ್ಲದ ಗುಪ್ತ ಜಲಪಾತ’ ಎಂದು ಲೊಕೇಶನ್ ಹಾಕಿದ ಮರುವಾರ ಅಲ್ಲಿ ಬಾಟಲಿ ಚೂರು ಬೀಳುತ್ತವೆ. ತೋಟದವರು ಅಡ್ಡಲಾಗಿ ಗೇಟು ಹಾಕಿಕೊಳ್ಳುತ್ತಾರೆ. ಅಂಥ ಕಡೆ ಹೋಗಲೇಬೇಕೆಂಬ ಆಸ್ಥೆ ಇದ್ದವರು ಶಿರಸಿಯ ಅರಣ್ಯ ಕಾಲೇಜಿನಲ್ಲೋ ಅರಣ್ಯ ಇಲಾಖೆಯ ಕಚೇರಿಯಲ್ಲೋ ವಿಚಾರಿಸಿ, ಅನುಮತಿ ಪಡೆದು, ಬಲ್ಲವರ ಜೊತೆ ಹೋಗಲಿ. ದಾರಿ ಸುಲಭವಾಗಿ ಸಿಗದಿರುವುದೇ ಆ ಜಾಗಕ್ಕೆ ಕಾವಲು. ಹಿಂದೆ ಹಿರಿಯರು ‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎನ್ನುತ್ತಿದ್ದರು. ಯಾಣಕ್ಕೆ ಕಾಡಿನಲ್ಲಿ ನಡೆಯುವ ಕಸುವು ಬೇಕು, ಗೋಕರ್ಣದಲ್ಲಿ ದುಡ್ಡು ಖರ್ಚಾಗುತ್ತದೆ ಎಂಬ ಪೂರ್ತಿ ಮಾಹಿತಿ ನಾಲ್ಕು ಮಾತಿನಲ್ಲಿತ್ತು. 1996ರಲ್ಲಿ ‘ನಮ್ಮೂರ ಮಂದಾರ ಹೂವೆ’ ಸಿನಿಮಾ ಬಂದ ಮೇಲೆ ಯಾಣ ಮನೆಮಾತಾಯಿತು, ಈಗ ಆ 120 ಮೀಟರ್ ಎತ್ತರದ ಕಪ್ಪು ಶಿಖರದ ಸಮೀಪಕ್ಕೇ ವಾಹನ ಹೋಗುತ್ತದೆ.

ಉಳಿದುಕೊಳ್ಳುವ ಮನೆಯ ವಿಚಾರ ಒಂದಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕುಗಳಲ್ಲಿ ತೋಟದ ಮನೆಗಳೇ ಹೋಮ್‌ಸ್ಟೇ ಆಗಿವೆ. ನಕ್ಷತ್ರಗಳ ಎಣಿಕೆ ನೋಡಿ ಆರಿಸುವ ಬದಲು ಫೋನ್ ಮಾಡಿ ಮಾತಾಡಿ ನೋಡಿ. ‘ಜುಲೈ ಎರಡನೇ ವಾರ ಬರಬೇಕೆಂದಿದ್ದೇವೆ, ಮಕ್ಕಳಿದ್ದಾರೆ, ಹೇಗಿದೆ?’ ಎಂದು ಕೇಳಿ. ‘ಬನ್ನಿ ಬನ್ನಿ, ಈಗಲೇ ಸೀಸನ್ನು, ಅಡ್ವಾನ್ಸ್ ಹಾಕಿ’ ಎನ್ನುವವರು ಒಂದು ಬಗೆ. ‘ನಿಮ್ಮ ಕಾರು ನಮ್ಮ ಮನೆವರೆಗೂ ಇಳಿಯೂದಿಲ್ಲ, ಕರೆಂಟು ಹೋದ್ರೆ ಎರಡು ದಿನ ಬರೂದಿಲ್ಲ, ಫಾಲ್ಸ್‌ಗೆ ಬಿಡ್ತಾ ಇಲ್ಲ. ದೀಪಾವಳಿ ಮುಗಿಸ್ಕಂಡು ಬನ್ನಿ, ಹೊಳೆ ತಿಳಿಯಾಗಿರ್ತದೆ’ ಎನ್ನುವವರು ಇನ್ನೊಂದು ಬಗೆ. ಎರಡನೆಯವರು ಮೂರು ದಿನದ ಬಾಡಿಗೆ ಕೈಬಿಟ್ಟು ನಿಮಗೆ ಮಾಹಿತಿ ಕೊಟ್ಟಿದ್ದಾರೆ. ಅವರ ನಂಬರು ಬರೆದಿಟ್ಟುಕೊಂಡು, ನವೆಂಬರ್‌ಗೆ ಅವರಲ್ಲೇ ಕೋಣೆ ಹೇಳಿ. ಯಾವ ಜಲಪಾತಕ್ಕೆ ಎಷ್ಟು ಗಂಟೆಗೆ ಹೊರಡಬೇಕು, ವಾಪಸ್ ಬರುವಾಗ ಯಾವ ಅಂಗಡಿಯಲ್ಲಿ ಊಟ ಸಿಗುತ್ತದೆ, ಕಾಡಿನ ದಾರಿಗೆ ಯಾರನ್ನು ಜೊತೆ ಕರೆದುಕೊಳ್ಳಬೇಕು ಎಂಬುದನ್ನೂ ಅವರನ್ನೇ ಕೇಳಿ.